ಕಟ್ಟಿದ್ದು ಎಷ್ಟು ಕಾಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಪರಿಸರಕ್ಕೆ ಹೊರೆಯಾಗದಂತೆ, ವಿಪತ್ತಿಗೆ ಜಗ್ಗದಂತೆ ಕಟ್ಟುವುದು ಹೇಗೆ ಎಂಬ ವಿಷಯದ ಮೇಲೆ ಪ್ರಶ್ನೆಗಳನ್ನು ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ವಿಷಯದ ಹರವಿಗೆ ತಕ್ಕಂತೆ ಕೆಲವು ಉತ್ತರಗಳು ಬೆಳೆದಿವೆ, ಕೆಲವು ನಾಲ್ಕೇ ಸಾಲಿನಲ್ಲಿ ಮುಗಿದಿವೆ.

ಪ್ರಶ್ನೆ: ‘ಸುಸ್ಥಿರ ಕಟ್ಟಡ’, ‘ವಿಪತ್ತು ತಾಳುವ ಕಟ್ಟಡ’ ಎಂಬ ಎರಡು ಮಾತುಗಳನ್ನು ಈಚೆಗೆ ಒಟ್ಟೊಟ್ಟಿಗೆ ಬಳಸುತ್ತಾರೆ. ಎರಡೂ ಒಂದೆಯೇ? ಒಂದನ್ನು ಸಾಧಿಸಿದರೆ ಇನ್ನೊಂದು ತಾನಾಗಿ ಬರುತ್ತದೆಯೇ?

ಉತ್ತರ: ತಾನಾಗಿ ಬರುವುದಿಲ್ಲ. ಕಟ್ಟುವಾಗಲೂ ಬಳಸುವಾಗಲೂ ಕಡಿಮೆ ಇಂಧನ, ಕಡಿಮೆ ನೀರು, ಕಡಿಮೆ ಸಾಮಗ್ರಿಯಲ್ಲಿ ಕೆಲಸ ತೂಗಿಸುವ ಕಟ್ಟಡವನ್ನು ಸುಸ್ಥಿರ ಎನ್ನುತ್ತೇವೆ. ಭೂಕಂಪ, ನೆರೆ, ಬಿರುಗಾಳಿ, ಬೆಂಕಿಗಳ ಹೊಡೆತಕ್ಕೆ ಸಿಕ್ಕಿಯೂ ಒಳಗಿದ್ದವರನ್ನು ಉಳಿಸಿ, ಬೇಗ ದುರಸ್ತಿಯಾಗಿ, ಮತ್ತೆ ಬಳಕೆಗೆ ಬರುವ ಕಟ್ಟಡ ಎರಡನೆಯ ಬಗೆಯದು. ಒಂದನ್ನು ಹಿಡಿಯಲು ಹೋಗಿ ಇನ್ನೊಂದನ್ನು ಕೈಬಿಟ್ಟ ಉದಾಹರಣೆಗಳು ಎರಡೂ ಕಡೆ ಸಿಗುತ್ತವೆ.

ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್‌ನ ಹೊರಗೋಡೆಗೆ, 2016ರಲ್ಲಿ ಮುಗಿದ ನವೀಕರಣದಲ್ಲಿ, ಶಾಖ ಸೋರದಂತೆ ತಡೆಯುವ ಪದರವನ್ನೂ ಅದರ ಮೇಲೆ ಪಾಲಿಎಥಿಲೀನ್ ತಿರುಳಿನ ಅಲ್ಯೂಮಿನಿಯಂ ಹಲಗೆಗಳನ್ನೂ ಹೊದಿಸಲಾಗಿತ್ತು. ಮನೆಗಳು ಬೆಚ್ಚಗಿದ್ದು ಇಂಧನ ಉಳಿಯಬೇಕೆಂಬುದು ಆ ಕೆಲಸದ ಉದ್ದೇಶಗಳಲ್ಲೊಂದು. 2017ರ ಜೂನ್ 14ರ ನಸುಕಿನಲ್ಲಿ ಒಂದು ಮನೆಯ ಅಡುಗೆಕೋಣೆಯಲ್ಲಿ ಹೊತ್ತಿಕೊಂಡ ಬೆಂಕಿ ಆ ಹೊದಿಕೆಯನ್ನೇ ಏಣಿ ಮಾಡಿಕೊಂಡು ಮೇಲೇರಿತು. 72 ಜನ ಪ್ರಾಣ ಕಳೆದುಕೊಂಡರು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ನಡೆದದ್ದು ಬೇರೆ ರೀತಿಯದು. 2011ರ ಫೆಬ್ರವರಿಯ ಭೂಕಂಪದಲ್ಲಿ ಅಲ್ಲಿನ ಅನೇಕ ಆಧುನಿಕ ಕಟ್ಟಡಗಳು ವಿನ್ಯಾಸಕಾರರು ಬಯಸಿದಂತೆಯೇ ವರ್ತಿಸಿದವು, ಕುಸಿಯದೆ ನಿಂತು ಜನರು ಹೊರಬರಲು ಅವಕಾಶ ಕೊಟ್ಟವು. ಆದರೆ ಶಕ್ತಿಯನ್ನು ಹೀರಿಕೊಳ್ಳುವಾಗ ಅವುಗಳ ತೊಲೆ, ಗೋಡೆಗಳು ಎಷ್ಟು ಜಖಂಗೊಂಡಿದ್ದವೆಂದರೆ ದುರಸ್ತಿ ಗಿಟ್ಟದೆ, ನಿಂತಿದ್ದವನ್ನೇ ಕೆಡವಬೇಕಾಯಿತು. ಅಷ್ಟೂ ಕಾಂಕ್ರೀಟು, ಅಷ್ಟೂ ಉಕ್ಕು ಹಾಳಾಯಿತು.

ಎರಡೂ ಗುಣಗಳು ಕೈಕೈ ಹಿಡಿದು ಬರುವ ಸಂದರ್ಭಗಳೂ ಇವೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಮುಗಿದ ಮೊದಲ ‘ಪ್ಯಾಸಿವ್ ಹೌಸ್’ ಮನೆಗಳು, ದಪ್ಪ ಉಷ್ಣನಿರೋಧಕ ಹೊದಿಕೆ ಮತ್ತು ಗಾಳಿ ಸೋರದ ಕಿಟಕಿಗಳಿಂದಾಗಿ, ಬಿಸಿಮಾಡಲು ಬೇಕಾದ ಇಂಧನವನ್ನು ಬಹುಪಾಲು ಇಳಿಸಿದವು. ಇಂಥ ಮನೆಯಲ್ಲಿ ಚಳಿಗಾಲದ ನಡುವೆ ವಿದ್ಯುತ್ ಕಡಿದುಹೋದರೂ ಒಳಗಿನ ಶಾಖ ದಿನಗಟ್ಟಲೆ ನಿಧಾನವಾಗಿ ಇಳಿಯುತ್ತದೆಯೇ ಹೊರತು ಒಂದೇ ರಾತ್ರಿಯಲ್ಲಿ ಮನೆ ಕೊರೆಯುವುದಿಲ್ಲ. ಇಂಧನ ಉಳಿಸಲು ಮಾಡಿದ ಏರ್ಪಾಡು ಆಪತ್ತಿನಲ್ಲೂ ಒದಗುತ್ತದೆ. ನಾನು ಯಾವ ಕಟ್ಟಡದ ನಕ್ಷೆ ನೋಡಿದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಇದು ಎಷ್ಟು ವರ್ಷ ಬಳಕೆಯಲ್ಲಿರುತ್ತದೆ? ಕೆಳಗಿನ ಉತ್ತರಗಳಲ್ಲೂ ಆ ಪ್ರಶ್ನೆ ಮತ್ತೆ ಮತ್ತೆ ಬರುವುದರಿಂದ ಇಲ್ಲೇ ಹೇಳಿಬಿಟ್ಟಿದ್ದೇನೆ.

ಪ್ರಶ್ನೆ: ಸಿಮೆಂಟು ವಾತಾವರಣವನ್ನು ಕೆಡಿಸುತ್ತದೆ ಎಂದು ಓದಿದೆ. ಕಾರ್ಖಾನೆಗಳಿಗೆ ಸೌರವಿದ್ಯುತ್ ಕೊಟ್ಟರೆ ಸಮಸ್ಯೆ ತೀರುವುದಿಲ್ಲವೇ? ಮಿಶ್ರ ಸಿಮೆಂಟು ಬಳಸಿದರೆ ಗಟ್ಟಿತನ ಕಡಿಮೆಯಾಗುತ್ತದೆ ಎಂದು ನಮ್ಮ ಮೇಸ್ತ್ರಿ ಹೇಳುತ್ತಾರೆ, ನಿಜವೇ?

ಉತ್ತರ: ಸೌರವಿದ್ಯುತ್ತಿನಿಂದ ತೀರುವುದು ಸಮಸ್ಯೆಯ ಒಂದು ಭಾಗ ಮಾತ್ರ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಶೇ. 7ರಿಂದ 8ರಷ್ಟು. ಅದರಲ್ಲಿ ಸುಮಾರು ಶೇ. 40ರಷ್ಟು ಗೂಡನ್ನು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವ ಇಂಧನದಿಂದಲೂ ಇತರ ಕೆಲಸಗಳಿಂದಲೂ ಬರುತ್ತದೆ. ಉಳಿದದ್ದು ಸುಣ್ಣಕಲ್ಲಿನೊಳಗಿಂದಲೇ ಹೊರಡುತ್ತದೆ. ಶುದ್ಧ ಸುಣ್ಣಕಲ್ಲು 100 ಕೆ.ಜಿ. ಸುಟ್ಟರೆ 56 ಕೆ.ಜಿ. ಸುಣ್ಣ ಉಳಿಯುತ್ತದೆ, 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಇದು ರಸಾಯನಶಾಸ್ತ್ರದ ಲೆಕ್ಕ. ಒಲೆಗೆ ಯಾವ ಉರುವಲು ಹಾಕಿದರೂ ಬದಲಾಗುವುದಿಲ್ಲ. ಆದ್ದರಿಂದ ಹೊರಸೂಸುವಿಕೆಯನ್ನು ಇಳಿಸಬೇಕಾದರೆ ಸಿಮೆಂಟಿನೊಳಗಿನ ಕ್ಲಿಂಕರ್ ಎಂಬ ಸುಟ್ಟ ಉಂಡೆಯ ಪ್ರಮಾಣವನ್ನೇ ಇಳಿಸಬೇಕು.

ಕಲ್ಲಿದ್ದಲು ಸ್ಥಾವರಗಳ ಹಾರುಬೂದಿ, ಉಕ್ಕಿನ ಕುಲುಮೆಗಳ ಕಿಟ್ಟ ಇವೆರಡೂ ಈ ಕೆಲಸವನ್ನು ದಶಕಗಳಿಂದ ಮಾಡುತ್ತ ಬಂದಿವೆ. ಆದರೆ ಕಲ್ಲಿದ್ದಲನ್ನು ಬಿಡಬೇಕೆನ್ನುವ ಜಗತ್ತಿನಲ್ಲಿ ಕಲ್ಲಿದ್ದಲಿನ ಬೂದಿಯನ್ನು ನಂಬಿ ಕೂರುವುದು ವಿಚಿತ್ರ ಸ್ಥಿತಿ. ಹೀಗಾಗಿ ನನಗೆ ಹೆಚ್ಚು ಭರವಸೆ ಇರುವುದು ‘ಎಲ್‌ಸಿ3’ ಎಂಬ ಹೊಸ ಮಿಶ್ರಣದ ಮೇಲೆ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರುವ ತಂತ್ರಜ್ಞಾನ ಸಂಸ್ಥೆಯ ಕ್ಯಾರೆನ್ ಸ್ಕ್ರಿವೆನರ್ ಅವರ ತಂಡ ಕ್ಯೂಬಾ ಮತ್ತು ಭಾರತದ ಸಂಶೋಧಕರೊಡನೆ ಸೇರಿ ಬೆಳೆಸಿದ ಈ ಸಿಮೆಂಟಿನಲ್ಲಿ ಕ್ಲಿಂಕರ್ ಅರ್ಧದಷ್ಟು ಮಾತ್ರ ಇರುತ್ತದೆ. ಉಳಿದದ್ದು ಸುಟ್ಟ ಜೇಡಿಮಣ್ಣು, ಸುಡದೆ ಪುಡಿಮಾಡಿದ ಸುಣ್ಣಕಲ್ಲು, ಸ್ವಲ್ಪ ಜಿಪ್ಸಮ್. ಜೇಡಿಮಣ್ಣಿಗೆ 700ರಿಂದ 850 ಡಿಗ್ರಿ ಸಾಕು. ಪಿಂಗಾಣಿಗೆ ಒದಗದ ಕೀಳುದರ್ಜೆಯ ಮಣ್ಣೂ ಆಗುತ್ತದೆ. ಹೊರಸೂಸುವಿಕೆ ಸಾಮಾನ್ಯ ಸಿಮೆಂಟಿಗಿಂತ ಶೇ. 30ರಿಂದ 40ರಷ್ಟು ಇಳಿಯುತ್ತದೆ.

ಇನ್ನು ನಿಮ್ಮ ಮೇಸ್ತ್ರಿಯವರ ಮಾತು. ಅವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ, ಕಾರಣವನ್ನು ಮಾತ್ರ ತಪ್ಪಾಗಿ ಹಚ್ಚಿದ್ದಾರೆ. ಹಾರುಬೂದಿ ಬೆರೆತ ಸಿಮೆಂಟು ಮೊದಲ ವಾರದಲ್ಲಿ ನಿಧಾನವಾಗಿ ಬಲಗೊಳ್ಳುತ್ತದೆ, ಆಮೇಲೆ ತಿಂಗಳುಗಟ್ಟಲೆ ಬಲಗೊಳ್ಳುತ್ತಲೇ ಹೋಗುತ್ತದೆ. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಿ ಕ್ಯೂರಿಂಗ್ ಮಾಡಬೇಕಾದರೆ ಇದಕ್ಕೆ 10ರಿಂದ 14 ದಿನ ಬೇಕು. ಸೆಂಟ್ರಿಂಗನ್ನು ಹಳೆಯ ಅಭ್ಯಾಸದಂತೆ ಬೇಗ ಬಿಚ್ಚಿ, ನಾಲ್ಕನೆಯ ದಿನಕ್ಕೆ ನೀರು ನಿಲ್ಲಿಸಿದರೆ ಮೇಲ್ಮೈ ಪುಡಿಪುಡಿಯಾಗುವುದು ಖಂಡಿತ. ತಪ್ಪು ಚೀಲದೊಳಗಿನದಲ್ಲ, ಪೈಪು ಹಿಡಿದ ಕೈಯದು.

ಕಾಂಕ್ರೀಟಿನ ಆಯುಸ್ಸನ್ನು ನಿರ್ಧರಿಸುವುದು ಏನೆಂದು ಒಮ್ಮೆ ಹತ್ತಿರದಿಂದ ನೋಡಿದರೆ ಈ ಜಗಳವೇ ಇರುವುದಿಲ್ಲ. ಹಳೆಯ ಕಟ್ಟಡದ ತೊಲೆಯೊಂದರ ಅಂಚನ್ನು ಒಡೆದು, ಹೊಸದಾಗಿ ತೆರೆದುಕೊಂಡ ಮೈಮೇಲೆ ಫಿನಾಫ್ತಲೀನ್ ದ್ರಾವಣವನ್ನು ಸಿಂಪಡಿಸಿ ನಾವು ಪರೀಕ್ಷಿಸುತ್ತೇವೆ. ಒಳಭಾಗ ಕ್ಷಣದಲ್ಲಿ ಕಡುಗುಲಾಬಿಯಾಗುತ್ತದೆ; ಹೊರ ಅಂಚಿನ ಒಂದು ಪಟ್ಟಿ ಮಾತ್ರ ಬೂದುಬಣ್ಣದಲ್ಲೇ ಉಳಿಯುತ್ತದೆ. ಬಣ್ಣ ಬಾರದ ಆ ಪಟ್ಟಿಯಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೊಕ್ಕು, ಕಂಬಿಯನ್ನು ತುಕ್ಕಿನಿಂದ ಕಾಯುವ ಕಾಂಕ್ರೀಟಿನ ಕ್ಷಾರಗುಣವನ್ನು ಕಳೆದುಬಿಟ್ಟಿದೆ ಎಂದರ್ಥ. ಆ ಪಟ್ಟಿ ಕಂಬಿಯನ್ನು ಮುಟ್ಟಿದ ದಿನದಿಂದ ತೇವವಿದ್ದಲ್ಲಿ ತುಕ್ಕು ಶುರು, ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟು ಸೀಳುತ್ತದೆ. ಪಟ್ಟಿ ಒಳಸರಿಯುವ ಆಳ ಕಾಲದ ವರ್ಗಮೂಲವನ್ನು ಅನುಸರಿಸುತ್ತದೆ. ಅಂದರೆ ಕಂಬಿಯ ಮೇಲಿನ ಕಾಂಕ್ರೀಟಿನ ಹೊದಿಕೆ 40 ಮಿ.ಮೀ. ಇರಬೇಕಾದ ಕಡೆ, ಕಂಬಿಯನ್ನು ಅಂಚಿನಿಂದ ದೂರ ಹಿಡಿದಿಡುವ ಕವರಿಂಗ್ ಬ್ಲಾಕ್ ಇಡದೆ 20 ಮಿ.ಮೀ. ಆದರೆ ರಕ್ಷಣೆಯ ಅವಧಿ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಅಂಗೈಯಲ್ಲಿ ಹಿಡಿಯುವಂಥ ಆ ಸಣ್ಣ ಬ್ಲಾಕಿಗೆ ಯಾವ ಹಸಿರು ಪ್ರಮಾಣಪತ್ರದಲ್ಲೂ ಅಂಕವಿರುವುದನ್ನು ನಾನು ಕಂಡಿಲ್ಲ.

ಪ್ರಶ್ನೆ: ನಮ್ಮ ವಸತಿ ಸಂಕೀರ್ಣಕ್ಕೆ 35 ವರ್ಷವಾಗಿದೆ. ಕೆಡವಿ, ಇಂಧನ ಉಳಿಸುವ ಹೊಸ ಕಟ್ಟಡ ಕಟ್ಟುವುದೇ ಪರಿಸರಕ್ಕೆ ಒಳ್ಳೆಯದೆಂದು ಕೆಲವು ಸದಸ್ಯರ ವಾದ. ತಮ್ಮ ಅಭಿಪ್ರಾಯವೇನು?

ಉತ್ತರ: ಮೊದಲು ಪರೀಕ್ಷೆ, ಆಮೇಲೆ ದುರಸ್ತಿಯ ಲೆಕ್ಕ, ಎರಡೂ ಸೋತರೆ ಮಾತ್ರ ಕೆಡವುವ ಮಾತು. ಕಟ್ಟಡವೊಂದರ ಇಂಗಾಲದ ಹೊರೆ ಎರಡು ಕಂತಿನಲ್ಲಿ ಬರುತ್ತದೆ. ಉಕ್ಕು, ಸಿಮೆಂಟು, ಇಟ್ಟಿಗೆ, ಗಾಜು, ಸಾಗಣೆ ಇವೆಲ್ಲದರ ಹೊರೆ ಮೊದಲ ದಿನವೇ ವಾತಾವರಣ ಸೇರಿ ಕೂತಿರುತ್ತದೆ. ದೀಪ, ಫ್ಯಾನು, ಎ.ಸಿ., ಹೀಟರುಗಳದು ವರ್ಷ ವರ್ಷವೂ ಸೇರುತ್ತದೆ. ಹೊಸ ಕಟ್ಟಡ ಎರಡನೆಯದನ್ನು ಇಳಿಸುತ್ತದೆ ಎಂಬುದೇನೋ ಸರಿ, ಆದರೆ ಮೊದಲ ಕಂತನ್ನು ಇನ್ನೊಮ್ಮೆ ಪೂರ್ತಿ ಕಟ್ಟಬೇಕಾಗುತ್ತದೆ. ಅಮೆರಿಕದ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಶನ್ ಸಂಸ್ಥೆಯ ಅಧ್ಯಯನವೊಂದು, ಹಳೆಯದನ್ನು ಸರಿಪಡಿಸಿ ಬಳಸುವುದರ ಬದಲು ಶೇ. 30ರಷ್ಟು ದಕ್ಷವಾದ ಹೊಸದನ್ನು ಕಟ್ಟಿದರೆ, ಕಟ್ಟುವಾಗಿನ ಹೊರೆ ತೀರಲು ಕಟ್ಟಡದ ಬಗೆಗೆ ಅನುಗುಣವಾಗಿ 10ರಿಂದ 80 ವರ್ಷ ಹಿಡಿಯುತ್ತದೆ ಎಂದು ಲೆಕ್ಕ ಹಾಕಿತು. ಇಂಗಾಲವನ್ನು ಇಳಿಸಲು ನಮಗಿರುವ ಕಾಲ ಕೆಲವೇ ದಶಕಗಳಾದ್ದರಿಂದ ಈ ಸಾಲ ದುಬಾರಿ.

ಫ್ರಾನ್ಸಿನ ವಾಸ್ತುಶಿಲ್ಪಿಗಳಾದ ಆನ್ ಲಕಾತೋ ಮತ್ತು ಜಾನ್ ಫಿಲಿಪ್ ವಸಾಲ್ ಅವರ ಕೆಲಸವನ್ನು ನಿಮ್ಮ ಸಂಘದ ಸಭೆಯಲ್ಲಿ ತೋರಿಸಿ. ಬೋರ್ದೋ ನಗರದಲ್ಲಿ 1960ರ ದಶಕದ ಮೂರು ವಸತಿ ಕಟ್ಟಡಗಳ 530 ಮನೆಗಳಿಗೆ ಇವರೂ ಇವರ ಸಹೋದ್ಯೋಗಿಗಳೂ ಹೊರಗಿನಿಂದ ಹೊಸ ಚೌಕಟ್ಟು ನಿಲ್ಲಿಸಿ, ಸುಮಾರು 3.8 ಮೀಟರ್ ಅಗಲದ ಗಾಜಿನ ಜಗಲಿ ಮತ್ತು ಬಾಲ್ಕನಿಯನ್ನು ಸೇರಿಸಿದರು. ಹಳೆಯ ಸಣ್ಣ ಕಿಟಕಿಗಳ ಜಾಗದಲ್ಲಿ ಜಾರುಬಾಗಿಲುಗಳು ಬಂದವು. ಚಳಿಗಾಲದ ಬಿಸಿಲನ್ನು ಹಿಡಿದಿಡುವ ಆ ಜಗಲಿ ಮನೆಯ ವಿಸ್ತಾರವನ್ನೂ ಹೆಚ್ಚಿಸಿತು, ಬಿಸಿಮಾಡುವ ಖರ್ಚನ್ನೂ ಇಳಿಸಿತು. ಕೆಲಸ ನಡೆಯುವಾಗ ನಿವಾಸಿಗಳು ಮನೆ ಖಾಲಿ ಮಾಡಬೇಕಾಗಲಿಲ್ಲ. 2021ರಲ್ಲಿ ಈ ಜೋಡಿಗೆ ವಾಸ್ತುಶಿಲ್ಪದ ಅತಿದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು.

ಕೆಡವುವುದೇ ಸರಿಯೆನಿಸುವ ಸಂದರ್ಭಗಳೂ ಇವೆ ಎಂಬುದನ್ನು ಮುಚ್ಚಿಡಬಾರದು. ಕಂಬಿಗಳು ತುಕ್ಕಿನಿಂದ ತಮ್ಮ ದಪ್ಪದ ದೊಡ್ಡ ಪಾಲನ್ನು ಕಳೆದುಕೊಂಡಿದ್ದರೆ, ಪಾಯ ಒಂದೇ ಕಡೆ ಕುಸಿಯುತ್ತಲೇ ಇದ್ದರೆ, ಪ್ರತಿವರ್ಷ ನೀರು ನಿಲ್ಲುವ ತಗ್ಗಿನಲ್ಲಿ ಕಟ್ಟಡವಿದ್ದರೆ, ಹಟ ಹಿಡಿಯಬೇಡಿ. ಆಗಲೂ ಬಾಗಿಲು, ಕಿಟಕಿ, ಕಲ್ಲು, ಮರಗಳನ್ನು ಬಿಡಿಸಿ ತೆಗೆಯುವವರನ್ನು ಮೊದಲು ಕರೆಸಿ, ಯಂತ್ರವನ್ನು ಆಮೇಲೆ ತರಿಸಿ.

ಪ್ರಶ್ನೆ: ಮರದಿಂದ 25 ಅಂತಸ್ತಿನ ಕಟ್ಟಡ ಕಟ್ಟಿದ್ದಾರಂತೆ. ಬೆಂಕಿ ಬಿದ್ದರೆ ಗತಿಯೇನು? ಕಾಡು ಕಡಿದು ಕಟ್ಟುವುದು ಹಸಿರು ಹೇಗಾಗುತ್ತದೆ?

ಉತ್ತರ: ನೀವು ಹೇಳುತ್ತಿರುವುದು ಅಮೆರಿಕದ ಮಿಲ್ವಾಕಿಯ ‘ಅಸೆಂಟ್’ ಕಟ್ಟಡ, 2022ರಲ್ಲಿ ಮುಗಿದಾಗ 86.6 ಮೀಟರ್ ಎತ್ತರವಿತ್ತು. ಅದಕ್ಕೆ ಮುಂಚೆ ಎತ್ತರದ ದಾಖಲೆ ನಾರ್ವೆಯ 18 ಅಂತಸ್ತಿನ, 85.4 ಮೀಟರಿನ ಮ್ಯೋಸ್ತೋರ್ನೆಟ್‌ನದು. ಎರಡೂ ಅಪ್ಪಟ ಮರದವಲ್ಲ. ಮೊದಲನೆಯದರ ಕೆಳ ಅಂತಸ್ತುಗಳು ಕಾಂಕ್ರೀಟಿನವು. ಎರಡನೆಯದರಲ್ಲಿ ಮೇಲಿನ ಅಂತಸ್ತುಗಳ ನೆಲಕ್ಕೆ ಬೇಕೆಂದೇ ಕಾಂಕ್ರೀಟು ಹಾಕಿದ್ದಾರೆ, ಏಕೆಂದರೆ ಹಗುರವಾದ ಮರದ ಗೋಪುರ ಗಾಳಿಗೆ ತೂಗಾಡಿ ಒಳಗಿನವರಿಗೆ ತಲೆಸುತ್ತು ಬರಬಾರದು.

ಬೆಂಕಿಯ ವಿಷಯದಲ್ಲಿ ಮರದ ಕಡ್ಡಿಗೂ ಮರದ ದಿಮ್ಮಿಗೂ ಇರುವ ವ್ಯತ್ಯಾಸವನ್ನು ನೆನಪಿಸಿಕೊಳ್ಳಬೇಕು. ದಪ್ಪ ದಿಮ್ಮಿ ಹೊರಗಿನಿಂದ ನಿಮಿಷಕ್ಕೆ ಸುಮಾರು 0.65ರಿಂದ 0.7 ಮಿ.ಮೀ.ನಷ್ಟು ಇದ್ದಿಲಾಗುತ್ತ ಹೋಗುತ್ತದೆ, ಆ ಇದ್ದಿಲೇ ಒಳಗಿನ ಮರಕ್ಕೆ ಹೊದಿಕೆಯಾಗುತ್ತದೆ. ಒಂದು ಗಂಟೆಯ ಬೆಂಕಿಗೆ ಸುಮಾರು 4 ಸೆಂ.ಮೀ. ಹೋಗುತ್ತದೆಂದು ಲೆಕ್ಕ ಹಿಡಿದು ಅಷ್ಟು ದಪ್ಪವನ್ನು ಮೊದಲೇ ಹೆಚ್ಚಿಗೆ ಇಡುತ್ತಾರೆ. ಹೊದಿಕೆಯಿಲ್ಲದ ಉಕ್ಕು 550–600 ಡಿಗ್ರಿ ತಲುಪಿದಾಗ ತನ್ನ ಬಲದಲ್ಲಿ ಸುಮಾರು ಅರ್ಧವನ್ನು ಕಳೆದುಕೊಂಡು ಬಾಗುತ್ತದೆ. ಹಲಗೆಗಳನ್ನು ಅಡ್ಡಡ್ಡ ಪೇರಿಸಿ ಅಂಟಿಸಿದ ಗೋಡೆಗಳಲ್ಲಿ ಮಾತ್ರ ಒಂದು ತೊಡಕಿತ್ತು. ಹಿಂದಿನ ಕೆಲವು ಅಂಟುಗಳು ಬಿಸಿಗೆ ಬಿಟ್ಟುಕೊಂಡು, ಸುಟ್ಟ ಪದರ ಉದುರಿ, ಹೊಸ ಮರ ಬೆಂಕಿಗೆ ಒಡ್ಡಿಕೊಳ್ಳುತ್ತಿತ್ತು. ಈಗಿನ ನಿಯಮಗಳು ಶಾಖಕ್ಕೆ ಬಿಡದ ಅಂಟನ್ನೇ ಕೇಳುತ್ತವೆ. ನನಗೆ ಬೆಂಕಿಗಿಂತ ಹೆಚ್ಚು ಭಯ ತೇವದ್ದು. ಸ್ನಾನದಮನೆಯ ನೆಲದಡಿ ಕಾಣದಂತೆ ಸೋರುವ ಒಂದು ಪೈಪು ಎಂಟು ಹತ್ತು ವರ್ಷಗಳಲ್ಲಿ ಮಾಡುವ ಕೊಳೆತ ಯಾವ ಬೆಂಕಿಯ ಗಂಟೆಯೂ ಬಾರಿಸದೆ ನಡೆಯುತ್ತದೆ.

ಕಾಡಿನ ಪ್ರಶ್ನೆಗೆ ಲೆಕ್ಕವೇ ಉತ್ತರ. ಒಂದು ಘನ ಮೀಟರ್ ಒಣ ಮೆದುಮರ ಸುಮಾರು 480 ಕೆ.ಜಿ. ತೂಗಿದರೆ ಅದರಲ್ಲಿ ಅರ್ಧ, ಅಂದರೆ 240 ಕೆ.ಜಿ., ಇಂಗಾಲ, ಗಾಳಿಯಿಂದ ಹೀರಿದ ಡೈಆಕ್ಸೈಡ್ ಲೆಕ್ಕದಲ್ಲಿ ಅದು 880 ಕೆ.ಜಿ. ಕಡಿದಲ್ಲಿ ಮತ್ತೆ ಮರ ಬೆಳೆದರೆ, ಕಟ್ಟಡ ಮರ ಬೆಳೆಯುವ ಅವಧಿಗಿಂತ ಹೆಚ್ಚು ಕಾಲ ನಿಂತರೆ ಮಾತ್ರ ಆ ಉಳಿತಾಯ ನಿಜವಾದದ್ದು. ಹಳೆಯ ಸಹಜಾರಣ್ಯವನ್ನು ಕಡಿದು ಕಟ್ಟಿದ ಮರದ ಗೋಪುರವನ್ನು ಹಸಿರೆಂದು ಕರೆಯಲು ನಾನು ಸಿದ್ಧನಿಲ್ಲ.

ಪ್ರಶ್ನೆ: ಗಾಜಿನ ಹೊರಮೈ ಇರುವ ಕಚೇರಿಗಳನ್ನೂ ‘ಹಸಿರು’ ಎನ್ನುತ್ತಾರೆ. ಹಗಲು ಬೆಳಕು ಬರುವುದರಿಂದ ವಿದ್ಯುತ್ ಉಳಿಯುತ್ತದೆ ಎಂಬ ಸಮರ್ಥನೆ ಸರಿಯೇ?

ಉತ್ತರ: ಬೆಳಕಿಗೆ ಬೇಕಾದ ಗಾಜು ಗೋಡೆಯ ಮೂರನೆಯ ಒಂದು ಭಾಗದಷ್ಟಿದ್ದರೂ ಬಹುತೇಕ ಸಾಕು. ಸೊಂಟದ ಮಟ್ಟಕ್ಕಿಂತ ಕೆಳಗಿನ ಗಾಜಿನಿಂದ ಮೇಜಿಗೆ ಬೆಳಕು ಬರುವುದಿಲ್ಲ, ಶಾಖ ಮಾತ್ರ ಬರುತ್ತದೆ. ಸಾಮಾನ್ಯ ಒಂಟಿ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಶೇ. 80ಕ್ಕೂ ಹೆಚ್ಚನ್ನು ಒಳಗೆ ಬಿಡುತ್ತದೆ. ಒಳಗಡೆ ಪರದೆ ಎಳೆಯುವುದರಿಂದ ಕಣ್ಣಿಗೆ ಹಿತವಾದೀತೇ ಹೊರತು ಗಾಜು ದಾಟಿ ಬಂದ ಶಾಖದ ಬಹುಪಾಲು ಒಳಗೇ ಉಳಿಯುತ್ತದೆ. ನೆರಳು ಹೊರಗಡೆಯೇ ಬೀಳಬೇಕು. ಮಧ್ಯಾಹ್ನದ ಎತ್ತರದ ಸೂರ್ಯನಿಗೆ ಅಡ್ಡ ಸಜ್ಜೆ, ಬೆಳಗು ಸಂಜೆಯ ತಗ್ಗು ಸೂರ್ಯನಿಗೆ ಉದ್ದುದ್ದ ಪಟ್ಟಿ. ಲಂಡನ್ನಿನ ಫೆಂಚರ್ಚ್ ಸ್ಟ್ರೀಟಿನ 20ನೇ ಸಂಖ್ಯೆಯ ಗೋಪುರದ ಒಳಬಾಗಿದ ಗಾಜಿನ ಮೈ 2013ರಲ್ಲಿ ಬಿಸಿಲನ್ನು ಭೂತಗನ್ನಡಿಯಂತೆ ಒಂದೆಡೆ ಕೂಡಿಸಿ, ಬೀದಿಯಲ್ಲಿ ನಿಲ್ಲಿಸಿದ್ದ ಕಾರಿನ ಭಾಗಗಳನ್ನು ಕರಗಿಸಿತು. ಕೊನೆಗೆ ಅದಕ್ಕೆ ಹೊರಗಿನಿಂದ ಸಜ್ಜೆಪಟ್ಟಿಗಳನ್ನೇ ಜೋಡಿಸಬೇಕಾಯಿತು.

ವ್ಯತಿರಿಕ್ತ ಉದಾಹರಣೆ ಬೇಕಾದರೆ ಜಿಂಬಾಬ್ವೆಯ ಹರಾರೆಯಲ್ಲಿ ಮಿಕ್ ಪಿಯರ್ಸ್ ವಿನ್ಯಾಸಗೊಳಿಸಿ 1996ರಲ್ಲಿ ತೆರೆದ ಈಸ್ಟ್‌ಗೇಟ್ ಸೆಂಟರನ್ನು ನೋಡಿ. ಅದರ ಭಾರಿ ಕಾಂಕ್ರೀಟಿನ ನೆಲಗಳ ಟೊಳ್ಳಿನಲ್ಲಿ ರಾತ್ರಿಯ ತಣ್ಣನೆಯ ಗಾಳಿಯನ್ನು ಹರಿಸಿ, ಹಗಲು ಆ ತಂಪನ್ನು ಖರ್ಚು ಮಾಡುತ್ತಾರೆ. ಹಗಲಿಗೂ ರಾತ್ರಿಗೂ ಉಷ್ಣಾಂಶದಲ್ಲಿ ದೊಡ್ಡ ಅಂತರವಿರುವ ಊರುಗಳಲ್ಲಿ ಮಾತ್ರ ಈ ಉಪಾಯ ನಡೆಯುತ್ತದೆ. ರಾತ್ರಿಯೂ ಸೆಖೆಯಿರುವ ಕರಾವಳಿಗಳಲ್ಲಿ ಇದನ್ನು ನಕಲು ಮಾಡಿದವರು ಕೈಸುಟ್ಟುಕೊಂಡಾರು.

ಪ್ರಶ್ನೆ: ತಾರಸಿಗೆ ಬಿಳಿ ಬಣ್ಣ ಬಳಿಯುವುದೋ, ಮಣ್ಣು ಹಾಕಿ ಹುಲ್ಲು ಬೆಳೆಸುವುದೋ?

ಉತ್ತರ: ಈಗಾಗಲೇ ಕಟ್ಟಿರುವ ತಾರಸಿಯಾದರೆ ಬಿಳಿ ಬಣ್ಣ. ಬಿಸಿಲು ತಿರುಗಿಸುವ ಒಳ್ಳೆಯ ಬಣ್ಣ ಹೊಸದರಲ್ಲಿ ಸುಮಾರು ಶೇ. 80ರಷ್ಟು ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ, ಧೂಳು ಕೂತಂತೆ ಕಡಿಮೆಯಾಗುತ್ತದೆ. ವರ್ಷಕ್ಕೊಮ್ಮೆ ಉಜ್ಜಿ ತೊಳೆಯಬೇಕು. ಮಣ್ಣಿನ ತಾರಸಿ ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದ ಬೀದಿಯ ಚರಂಡಿಗೂ ಉಪಕಾರಿ, ಆದರೆ ಅದರ ತೂಕವನ್ನು ಜನ ಮರೆಯುತ್ತಾರೆ. ನೀರು ಕುಡಿದ ಮಣ್ಣು 10 ಸೆಂ.ಮೀ. ದಪ್ಪವಿದ್ದರೆ ಚದರ ಮೀಟರಿಗೆ 180 ಕೆ.ಜಿ.ಯ ಆಸುಪಾಸು ಬರುತ್ತದೆ. ಸಾಮಾನ್ಯ ತಾರಸಿಯನ್ನು ಜನರ ಓಡಾಟಕ್ಕೆಂದು ಹೆಚ್ಚಾಗಿ 150ರಿಂದ 200 ಕೆ.ಜಿ.ಗೆ ಲೆಕ್ಕ ಹಾಕಿರುತ್ತಾರೆ. ಅಲ್ಲಿಗೆ ಭಾರದ ಲೆಕ್ಕವೆಲ್ಲ ಮಣ್ಣಿಗೇ ಸರಿಹೋಯಿತು.

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ವೃತ್ತಿಯ ಆರಂಭದಲ್ಲಿ ನಾನು ವಿನ್ಯಾಸ ಮಾಡಿದ ಒಂದು ಕಟ್ಟಡದ ಹುಲ್ಲುತಾರಸಿ ಮೂರನೆಯ ಮಳೆಗಾಲದಲ್ಲಿ ಸೋರಿತು. ನೀರುನಿರೋಧಕ ಪದರ ಚೆನ್ನಾಗಿಯೇ ಇತ್ತು. ನೀರು ಹೊರಹೋಗುವ ಕಿಂಡಿಯ ಸುತ್ತ ಇಣುಕಿ ನೋಡಲು ಒಂದು ಪೆಟ್ಟಿಗೆಯನ್ನು ನಾನು ಬಿಟ್ಟಿರಲಿಲ್ಲ. ಬೇರುಗಳು ಕಿಂಡಿಯನ್ನು ತುಂಬಿ, ನೀರು ಪದರದ ಅಂಚನ್ನು ಮೀರಿ ಗೋಡೆಗೆ ಇಳಿದಿತ್ತು. ಹುಡುಕಲು ಅರ್ಧ ತೋಟವನ್ನು ಅಗೆಯಬೇಕಾಯಿತು. ಆಮೇಲಿಂದ ಪ್ರತಿ ಕಿಂಡಿಗೂ ಮುಚ್ಚಳವಿರುವ ಪೆಟ್ಟಿಗೆ, ಅದರ ಸುತ್ತ ಒಂದಡಿ ಬರೀ ಜಲ್ಲಿ, ಮಣ್ಣು ಹಾಕುವ ಮುಂಚೆ 48 ಗಂಟೆ ನೀರು ಕಟ್ಟಿ ನಿಲ್ಲಿಸುವ ಪರೀಕ್ಷೆ, ಈ ಮೂರನ್ನು ನಕ್ಷೆಯಲ್ಲೇ ಬರೆಯುತ್ತೇನೆ.

ಪ್ರಶ್ನೆ: ಭೂಕಂಪದಿಂದ ರಕ್ಷಿಸಲು ಕಟ್ಟಡದ ಕೆಳಗೆ ರಬ್ಬರ್ ಇಡುತ್ತಾರಂತೆ. ಸಾಮಾನ್ಯ ಮನೆಗೂ ಅದು ಬೇಕೇ?

ಉತ್ತರ: ಸಾಮಾನ್ಯ ಮನೆಗೆ ಬೇಡ. ರಬ್ಬರ್ ಮತ್ತು ಉಕ್ಕಿನ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ನಡುವೆ ಸೀಸದ ತಿರುಳನ್ನು ಇಟ್ಟ ಈ ದಿಂಬನ್ನು ರೂಪಿಸಿದವರು ನ್ಯೂಜಿಲೆಂಡಿನ ಬಿಲ್ ರಾಬಿನ್ಸನ್. ವೆಲಿಂಗ್ಟನ್ನಿನ ವಿಲಿಯಂ ಕ್ಲೇಟನ್ ಕಟ್ಟಡ 1981ರಲ್ಲಿ ಇದರ ಮೇಲೆ ನಿಂತ ಮೊದಲನೆಯದು. 2001ರ ಭೂಕಂಪದಲ್ಲಿ ನೆಲಕಚ್ಚಿದ ಭುಜ್ ಆಸ್ಪತ್ರೆಯನ್ನು ಮತ್ತೆ ಕಟ್ಟಿದಾಗಲೂ ಇಂಥ ದಿಂಬುಗಳನ್ನೇ ಬಳಸಿದರು. ನೆಲ ಅಲ್ಲಾಡಿದಾಗ ದಿಂಬು ಪಕ್ಕಕ್ಕೆ ಒಲೆಯುತ್ತದೆ, ಸೀಸ ಆ ಶಕ್ತಿಯನ್ನು ಹೀರುತ್ತದೆ, ಮೇಲಿನ ಕಟ್ಟಡ ನಿಧಾನವಾಗಿ ತೂಗುತ್ತದೆ. ಅದಕ್ಕೆಂದು ಸುತ್ತಲೂ ಖಾಲಿ ಕಂದಕ ಬಿಡಬೇಕು, ಪೈಪು ತಂತಿಗಳೆಲ್ಲ ಬಾಗುವಂತಿರಬೇಕು. ಭೂಕಂಪದ ಮರುಗಳಿಗೆಯಲ್ಲೂ ಶಸ್ತ್ರಚಿಕಿತ್ಸೆ ನಡೆಯಬೇಕಾದ ಆಸ್ಪತ್ರೆ, ಅಗ್ನಿಶಾಮಕ ಠಾಣೆಗಳಿಗೆ ಈ ಖರ್ಚು ಸಾರ್ಥಕ. ತೀರ ಮೆತ್ತನೆಯ ಮಣ್ಣಿನ ಮೇಲೆ ಇದು ಅಪಾಯಕ್ಕೂ ಎಡೆಮಾಡಬಹುದು, ಏಕೆಂದರೆ ಅಂಥ ನೆಲವೂ ನಿಧಾನವಾಗಿಯೇ ತೂಗುತ್ತದೆ, ಎರಡರ ಲಯವೂ ಒಂದಾದರೆ ತೂಗಾಟ ಹೆಚ್ಚುತ್ತದೆ.

ಮನೆಗಳನ್ನು ಬೀಳಿಸುವುದು ಇದಕ್ಕಿಂತ ಸರಳವಾದ ತಪ್ಪುಗಳು. 2001ರ ಜನವರಿ 26ರಂದು, ಅದೇ ಭುಜ್ ಭೂಕಂಪದ ಕೇಂದ್ರಬಿಂದುವಿನಿಂದ 200 ಕಿ.ಮೀ.ಗೂ ದೂರದಲ್ಲಿದ್ದ ಅಹಮದಾಬಾದಿನಲ್ಲಿ ಕುಸಿದ ಬಹುಮಹಡಿ ಕಟ್ಟಡಗಳಲ್ಲಿ ಅನೇಕವು ಕೆಳ ಅಂತಸ್ತನ್ನು ವಾಹನ ನಿಲುಗಡೆಗೆಂದು ಗೋಡೆಯಿಲ್ಲದೆ ಬಿಟ್ಟಂಥವು. ಮೇಲಿನ ಅಂತಸ್ತುಗಳು ಗೋಡೆಗಳಿಂದಾಗಿ ಪೆಟ್ಟಿಗೆಯಂತೆ ಬಿಗಿಯಾಗಿದ್ದು, ಅಲುಗಾಟವೆಲ್ಲ ಕೆಳಗಿನ ಬರೀ ಪಿಲ್ಲರುಗಳ ಮೇಲೆ ಬಿತ್ತು. ನಿಲುಗಡೆ ಬೇಕೇ ಬೇಕಾದರೆ ಪಾಯದಿಂದ ಮೇಲಿನವರೆಗೆ ಸಾಗುವ ಕಾಂಕ್ರೀಟಿನ ಗೋಡೆಗಳನ್ನು ಎರಡೂ ದಿಕ್ಕಿನಲ್ಲಿ ಕೊಡಿ. ಇನ್ನೊಂದು, ಪಿಲ್ಲರಿನ ಉದ್ದ ಕಂಬಿಗಳನ್ನು ಸುತ್ತುವ ರಿಂಗುಗಳ ತುದಿ. ಕೆಲಸ ಬೇಗವಾಗಲೆಂದು ಅದನ್ನು 90 ಡಿಗ್ರಿಗೆ ಬಾಗಿಸಿ ಬಿಡುತ್ತಾರೆ. ಹೊರಗಿನ ಕಾಂಕ್ರೀಟು ಉದುರಿದೊಡನೆ ಅಂಥ ರಿಂಗು ಬಿಚ್ಚಿಕೊಳ್ಳುತ್ತದೆ. 135 ಡಿಗ್ರಿಗೆ ಬಾಗಿಸಿ ತುದಿಯನ್ನು ಪಿಲ್ಲರಿನ ಒಡಲಿಗೆ ಚುಚ್ಚಬೇಕು. ಪಿಲ್ಲರಿನ ತಲೆ ಮತ್ತು ಬುಡದಲ್ಲಿ ರಿಂಗುಗಳು ಒತ್ತೊತ್ತಾಗಿರಬೇಕು. ಇದಕ್ಕೆ ಬೇಕಾದ ಹೆಚ್ಚುವರಿ ಕಂಬಿ ಅತ್ಯಲ್ಪ, ಬೇಕಾದದ್ದು ಕಾಂಕ್ರೀಟು ಸುರಿಯುವ ಹಿಂದಿನ ದಿನ ಸ್ಥಳಕ್ಕೆ ಹೋಗಿ ಬಗ್ಗಿ ನೋಡುವ ವ್ಯವಧಾನ.

ಪ್ರಶ್ನೆ: ನೆರೆ ಬರುವ ಪ್ರದೇಶದಲ್ಲಿ ನೀರು ಒಳಗೆ ಬಾರದಂತೆ ಗಟ್ಟಿ ಗೋಡೆ ಕಟ್ಟಿದರೆ ಸಾಲದೇ?

ಉತ್ತರ: ಮೊಣಕಾಲಷ್ಟು ನೀರಿಗೆ ಸಾಕಾದೀತು. ನಿಂತ ನೀರು 1 ಮೀಟರ್ ಎತ್ತರವಿದ್ದರೆ ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು 500 ಕೆ.ಜಿ. ಭಾರದಷ್ಟು ತಳ್ಳುತ್ತದೆ, 2 ಮೀಟರ್ ಆದರೆ 2,000 ಕೆ.ಜಿ. ಎತ್ತರ ಇಮ್ಮಡಿಯಾದರೆ ತಳ್ಳುವ ಬಲ ನಾಲ್ಮಡಿ. ಸಾಮಾನ್ಯ ಇಟ್ಟಿಗೆ ಗೋಡೆ ಅದನ್ನು ತಡೆಯಲಾರದು. ಆದ್ದರಿಂದ ಆಳವಾದ ನೀರು ಬರುವಲ್ಲಿ ಮನೆಯನ್ನು ಕಂಬಗಳ ಮೇಲೆ ಎತ್ತುವುದು, ಆಗದಿದ್ದರೆ ಕೆಳ ಅಂತಸ್ತಿಗೆ ನೀರು ಬಂದುಹೋಗಲು ಕಿಂಡಿಗಳನ್ನು ಬಿಟ್ಟು ಒಳಹೊರಗಿನ ಒತ್ತಡವನ್ನು ಸಮಮಾಡುವುದು ಜಾಣತನ. ಅಲ್ಲಿನ ನೆಲ, ಗೋಡೆ ತೊಳೆದು ಒಣಗಿಸುವಂಥವಿರಲಿ, ಪ್ಲೈವುಡ್ ಕಪಾಟು, ಜಿಪ್ಸಮ್ ಹಲಗೆ ಬೇಡ. ಖಾಲಿ ಸಂಪು ನೆಲದಡಿಯ ನೀರಿಗೆ ದೋಣಿಯಂತೆ ಮೇಲೇಳುವುದೂ ಉಂಟು; ಮುನ್ಸೂಚನೆ ಬಂದಾಗ ಅದನ್ನು ತುಂಬಿಸಿಡಿ.

ಮೀಟರ್ ಬೋರ್ಡು, ಪಂಪು, ಜನರೇಟರುಗಳನ್ನು ನೆರೆಯ ಮಟ್ಟಕ್ಕಿಂತ ಮೇಲಿಡಿ, ಅವುಗಳನ್ನು ನಡೆಸುವ ಪ್ರತಿಯೊಂದು ಭಾಗವನ್ನೂ ಸೇರಿಸಿ. 2012ರ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕಿನ ದೊಡ್ಡ ಆಸ್ಪತ್ರೆಯೊಂದರ ಜನರೇಟರುಗಳು ಎತ್ತರದಲ್ಲಿ ಸುರಕ್ಷಿತವಾಗಿದ್ದರೂ ಅವಕ್ಕೆ ಇಂಧನ ಕಳುಹಿಸುವ ವ್ಯವಸ್ಥೆ ನೆಲಮಾಳಿಗೆಯಲ್ಲಿ ಮುಳುಗಿ, ರಾತ್ರಿಯಲ್ಲಿ ರೋಗಿಗಳನ್ನು ಮೆಟ್ಟಿಲುಗಳ ಮೇಲೆ ಹೊತ್ತು ಇಳಿಸಬೇಕಾಯಿತು.

ಪ್ರಶ್ನೆ: ಯಂತ್ರದಿಂದ ಮುದ್ರಿಸಿದ ಮನೆಗಳೇ ಭವಿಷ್ಯವೇ?

ಉತ್ತರ: ಗೋಡೆ ಬೇಗ ಏಳುತ್ತದೆ, ಸೆಂಟ್ರಿಂಗ್ ಹಲಗೆ ಉಳಿಯುತ್ತದೆ. ಆದರೆ ಮನೆಯ ಖರ್ಚಿನಲ್ಲೂ ಕಾಲದಲ್ಲೂ ಗೋಡೆ ಒಂದು ಪಾಲು ಮಾತ್ರ, ಮೇಲಾಗಿ ಮುದ್ರಣದ ಗಾರೆಯಲ್ಲಿ ಸಿಮೆಂಟು ಸಾಮಾನ್ಯ ಕಾಂಕ್ರೀಟಿಗಿಂತ ಹೆಚ್ಚು. ಸದ್ಯಕ್ಕೆ ಕುತೂಹಲದಿಂದ ನೋಡೋಣ.

ಪ್ರಶ್ನೆ: ಹಸಿರು ಪ್ರಮಾಣಪತ್ರವಿರುವ ಕಟ್ಟಡವನ್ನು ಕಣ್ಣುಮುಚ್ಚಿ ಕೊಳ್ಳಬಹುದೇ?

ಉತ್ತರ: ಬ್ರಿಟನ್ನಿನ ‘ಬ್ರೀಮ್’ 1990ರಲ್ಲಿ ಶುರುವಾದ ಮೇಲೆ ಇಂಥ ಶ್ರೇಣಿ ಪದ್ಧತಿಗಳು ಬಹಳ ಬಂದಿವೆ. ಅವುಗಳಿಂದ ನಿರ್ಮಾಣದ ಶಿಸ್ತು ಸುಧಾರಿಸಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಬಹುಪಾಲು ಪ್ರಮಾಣಪತ್ರಗಳು ನಕ್ಷೆಯನ್ನೂ ಕಂಪ್ಯೂಟರ್ ಲೆಕ್ಕವನ್ನೂ ನೋಡಿ ಕೊಟ್ಟಂಥವು. ಜನ ಬಂದು ಕೂತ ಮೇಲೆ ಎ.ಸಿ.ಯ ಉಷ್ಣಾಂಶ, ಬಾಗಿಲು ತೆರೆದಿಡುವ ರೂಢಿ, ಕೆಟ್ಟ ಸೆನ್ಸರುಗಳು ಎಲ್ಲ ಸೇರಿ ಲೆಕ್ಕಕ್ಕೂ ಬಳಕೆಗೂ ದೊಡ್ಡ ಅಂತರ ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ 1998ರಿಂದ ನಡೆದಿರುವ ‘ನೇಬರ್ಸ್’ ಪದ್ಧತಿ ಇದಕ್ಕೆ ಮದ್ದು ಕಂಡುಕೊಂಡಿದೆ: 12 ತಿಂಗಳ ನಿಜವಾದ ಬಳಕೆಯನ್ನು ಅಳೆದು ನಕ್ಷತ್ರಗಳನ್ನು ಕೊಡುತ್ತದೆ, ವರ್ಷಕ್ಕೊಮ್ಮೆ ಮತ್ತೆ ಅಳೆಯುತ್ತದೆ.

ಹೀಗಾಗಿ ಕೊಳ್ಳುವ ಮುಂಚೆ ಪ್ರಮಾಣಪತ್ರದ ಜೊತೆಗೆ ಹಿಂದಿನ ಒಂದು ವರ್ಷದ ವಿದ್ಯುತ್ ಮತ್ತು ನೀರಿನ ಬಿಲ್ಲುಗಳನ್ನು ಕೇಳಿ. ಕಟ್ಟಿದ ಮೇಲೆ ತಿದ್ದಿದ ನಕ್ಷೆಗಳನ್ನು, ಅಂದರೆ ಪೈಪು, ತಂತಿ, ಕಂಬಿಗಳು ನಿಜವಾಗಿ ಎಲ್ಲೆಲ್ಲಿ ಹೋಗಿವೆ ಎಂದು ತೋರಿಸುವಂಥವನ್ನು, ಕೇಳಿ. ಗೋಡೆಯೊಳಗೆ ಹೂತ ಪೈಪು ಸೋರಿದರೆ ಟೈಲ್ಸ್ ಒಡೆಯದೆ ತಲುಪಲು ದಾರಿ ಇದೆಯೇ ಎಂದು ಒಬ್ಬ ಪ್ಲಂಬರನ್ನು ಕರೆದುಕೊಂಡು ಹೋಗಿ ನೋಡಿ. ಸೌರಫಲಕದ ಕೆಳಗಿನ ತಾರಸಿಯನ್ನು ಫಲಕ ಬಿಚ್ಚದೆ ದುರಸ್ತಿ ಮಾಡಲು ಜಾಗ ಬಿಟ್ಟಿದ್ದಾರೆಯೇ ಎಂಬುದನ್ನು ಮಾತ್ರ ನೀವೇ ಮೆಟ್ಟಿಲು ಹತ್ತಿ ನೋಡಬೇಕು.